ಏಣಿಯ ಲೆಕ್ಕ, ಅಭ್ಯಾಸದ ಲೆಕ್ಕ

ವೈಕುಂಠ ಏಕಾದಶಿಯ ನಸುಕಿನಲ್ಲಿ ತ್ರಿಪ್ಲಿಕೇನ್‌ನ ಪಾರ್ಥಸಾರಥಿ ದೇವಸ್ಥಾನದಲ್ಲಿ ಪರಮಪದದ ಬಾಗಿಲು ತೆರೆಯುತ್ತದೆ. ಅಂದಿನ ಜಾಗರಣೆಗೆ ತಮಿಳು ಮನೆಗಳಲ್ಲಿ ಪರಮಪದ ಸೋಪಾನದ ಪಟ ಹಾಸಿ ದಾಳ ಉರುಳಿಸುವುದು ಹಳೆಯ ರೂಢಿ. ನಾವು ಚಿಕ್ಕಂದಿನಲ್ಲಿ ಆಡಿದ ಹಾವು ಏಣಿ ಆಟದ ಹಿರಿಯಕ್ಕ ಇದು. ಏಣಿ ಎಂದರೆ ಪುಣ್ಯ, ಹಾವು ಎಂದರೆ ಪಾಪ, ತುದಿಯ ಮನೆ ವೈಕುಂಠ.

ಆದರೆ ಈ ಪಟದಲ್ಲಿ ಆಟಗಾರ ಏನನ್ನೂ ಕಲಿಯುವುದಿಲ್ಲ. ದಾನದ ಮನೆಗೆ ಬಂದವನು ದಾನ ಮಾಡಿ ಬಂದವನಲ್ಲ, ದಾಳ ತಂದು ನಿಲ್ಲಿಸಿದವನು. ಹಳೆಯ ಪಟಗಳಲ್ಲಿ ಏಣಿಗಿಂತ ಹಾವುಗಳೇ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡ್ ಸೇರಿದ ಆಟದಲ್ಲಿ ಕ್ರಮೇಣ ಇವೆರಡೂ ಸಮನಾದವು. ಮುಂದೆ ಪಾಪಪುಣ್ಯದ ಹೆಸರುಗಳೂ ಅಳಿಸಿಹೋದವು.

ಅಭ್ಯಾಸವನ್ನೇ ಬೇಡುವ ಆಟವೂ ನಮ್ಮಲ್ಲಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರಿಗೆ ಆಟಗಳೆಂದರೆ ಶಾಸ್ತ್ರದಷ್ಟೇ ಗಂಭೀರ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಗಂಜೀಫದಂಥ ಆಟಗಳ ವಿವರವಿದೆ. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿಬರುವ ಲೆಕ್ಕವನ್ನೂ ಅವರು ಬಿಡಿಸಿದ್ದರು. ಅಲ್ಲಿ ದಾಳಕ್ಕೆ ಕೆಲಸವಿಲ್ಲ.

ದಾಳ ಮತ್ತು ಅಭ್ಯಾಸ ಒಂದೇ ಮೇಜಿಗೆ ಬಂದದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಲ್ಲಿ ಆಟಗಾರರು ಪಾತ್ರಗಳಾಗಿ ಮಾತಾಡುತ್ತಲೇ ಕಥೆ ಕಟ್ಟುತ್ತಾರೆ. ರಾಕ್ಷಸನನ್ನು ಕೊಂದರೆ, ನಿಧಿ ತಂದರೆ ಅನುಭವದ ಅಂಕ; ಅಂಕ ತುಂಬಿದರೆ ಒಂದು ಮಟ್ಟ ಮೇಲೆ. ಚಿನ್ನ ಹೊತ್ತು ತಂದ ಮಾತ್ರಕ್ಕೆ ಮಂತ್ರವಾದಿಯ ಮಂತ್ರವಿದ್ಯೆ ಹೇಗೆ ಬೆಳೆಯಿತು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ.

1977ರ ‘ಟ್ರಾವೆಲರ್’ನಲ್ಲಿ ಪಾತ್ರವು ಆಟ ಶುರುವಾಗುವ ಮೊದಲೇ ನಾಲ್ಕು ನಾಲ್ಕು ವರ್ಷ ನೌಕರಿ ಮಾಡಿ ವಿದ್ಯೆ ಗಳಿಸಬೇಕು, ಮೂವತ್ನಾಲ್ಕು ದಾಟಿದರೆ ಮುಪ್ಪು ದೇಹವನ್ನು ಕೊರೆಯತೊಡಗುತ್ತದೆ. 1978ರ ‘ರೂನ್‌ಕ್ವೆಸ್ಟ್’ನಲ್ಲಿ ಬಳಸಿದ ವಿದ್ಯೆ ಮಾತ್ರ ಬೆಳೆಯುತ್ತದೆ. ಕತ್ತಿ ಬೀಸಿ ಗೆದ್ದವನು ಕತ್ತಿಗೆ ಗುರುತು ಹಾಕಿಕೊಂಡು, ಸಾಹಸ ಮುಗಿದ ಮೇಲೆ ದಾಳ ಹಾಕುತ್ತಾನೆ. ಪರಿಣತಿ ಹೆಚ್ಚಿದಷ್ಟೂ ಮುಂದಿನ ಹೆಜ್ಜೆ ಕಷ್ಟ. ಸಂಗೀತ ಕಲಿತವರಿಗೆ ಇದು ಹೊಸ ಸುದ್ದಿಯಲ್ಲ. 2012ರ ‘ಡಂಜನ್ ವರ್ಲ್ಡ್’ ಇನ್ನೂ ಮುಂದೆ ಹೋಗಿ ಸೋತ ಯತ್ನಕ್ಕೇ ಅನುಭವದ ಅಂಕ ಕೊಟ್ಟಿತು.

ತ್ರಿಪ್ಲಿಕೇನ್‌ನ ಮ್ಯಾನ್ಷನ್‌ಗಳೆಂಬ ಬಾಡಿಗೆ ಕೋಣೆಗಳಲ್ಲಿ ಕೆಲಸ ಹುಡುಕಿ ಬಂದವರು, ಪರೀಕ್ಷೆಗೆ ಓದುವವರು ತಲೆಮಾರುಗಳಿಂದ ಇದ್ದಾರೆ. ಊರಿಗೆ ಫೋನ್ ಮಾಡಿದರೆ ಮನೆಯವರು ಕೇಳುವುದು ಏಣಿಯ ಲೆಕ್ಕ: ಕೆಲಸ ಸಿಕ್ಕಿತೇ, ಬಡ್ತಿ ಬಂತೇ, ಸಂಬಳ ಎಷ್ಟು? ಆಫೀಸಿನ ವಾರ್ಷಿಕ ಮೌಲ್ಯಮಾಪನವೂ ಹೊತ್ತು ತಂದ ಚಿನ್ನವನ್ನೇ ತೂಗುತ್ತದೆ. ಹೊಸ ಭಾಷೆಯಲ್ಲಿ ತಡವರಿಸುತ್ತ ತರಕಾರಿ ಕೊಂಡದ್ದು, ನಪಾಸಾದ ಪರೀಕ್ಷೆಗೆ ಮತ್ತೆ ಕೂತದ್ದು ಯಾವ ಪಟದಲ್ಲೂ ಕಾಣುವುದಿಲ್ಲ. ಅದಕ್ಕೂ ಒಂದು ಗುರುತು ಹಾಕಬಹುದೆಂದು ಯಾರೋ ಆಟದ ನಿಯಮದಲ್ಲಿ ಬರೆದಿಟ್ಟಿದ್ದಾರೆ. ಮುಂದಿನ ಸಲ ಮನೆಯಿಂದ ಫೋನ್ ಬಂದಾಗ ಅದನ್ನೂ ಹೇಳಿ ನೋಡಬೇಕು.