ಹಳೆಯ ಮೊಬೈಲಿಗೆ ಇಂಟರ್‌ನೆಟ್ ಬಂದ ಬಗೆ

ಕಳೆದ ತಿಂಗಳು ಮನೆಯ ಕಪಾಟು ಸ್ವಚ್ಛ ಮಾಡುವಾಗ ಅಪ್ಪನ ಹಳೆಯ, ಗುಂಡಿ ಒತ್ತುವ ಮೊಬೈಲ್ ಸಿಕ್ಕಿತು. ಚಾರ್ಜ್ ಮಾಡಿ ಸಿಮ್ ಹಾಕಿದ ಮೇಲೆ ಅದಕ್ಕೆ ಜೀವ ಬಂತು. ಸಿಗ್ನಲ್ ಕಡ್ಡಿಗಳು ಪೂರ್ತಿ ಮೂಡಿದವು, ಕರೆಯೂ ಹೋಯಿತು. ಆದರೆ ಫೋನಿನಲ್ಲೇ ಇದ್ದ ಬ್ರೌಸರ್ ಯಾವ ಪುಟವನ್ನೂ ತೆರೆಯಲಿಲ್ಲ. 'ಪ್ರಮಾಣಪತ್ರ ಸರಿಯಿಲ್ಲ' ಎಂಬರ್ಥದ ಇಂಗ್ಲಿಷ್ ಸಾಲೊಂದನ್ನು ತೋರಿಸಿ ಸುಮ್ಮನಾಯಿತು. ಯಂತ್ರ ಕೆಟ್ಟಿಲ್ಲ, ಸಿಗ್ನಲ್ ಇದೆ, ಆದರೂ ಇಂಟರ್‌ನೆಟ್ ಇಲ್ಲ. ಏಕೆ ಎಂದು ತಿಳಿಯಲು ಕಾಲು ಶತಮಾನಕ್ಕೂ ಹಿಂದೆ ಹೋಗಬೇಕು.

ಮೊಬೈಲ್ ಹುಟ್ಟಿದ್ದು ಮಾತಿಗಾಗಿ. ಅದರ ಪುಟ್ಟ ಪರದೆಗೆ ಇಂಟರ್‌ನೆಟ್ ತುರುಕುವ ಯೋಚನೆಯಿಂದ ನೋಕಿಯಾ, ಎರಿಕ್ಸನ್, ಮೊಟೊರೊಲಾ ಮತ್ತು ಅಮೆರಿಕದ ಅನ್‌ವೈರ್ಡ್ ಪ್ಲಾನೆಟ್ ಕಂಪನಿಗಳು 1997ರಲ್ಲಿ ಒಂದು ವೇದಿಕೆ ಕಟ್ಟಿದವು. ಮರುವರ್ಷ ಹೊರಬಂದ ನಿಯಮಾವಳಿಯೇ ವೈರ್‌ಲೆಸ್ ಅಪ್ಲಿಕೇಷನ್ ಪ್ರೋಟೋಕಾಲ್, ಅಂದರೆ 'ವ್ಯಾಪ್'. 1999ರಲ್ಲಿ ಮಾರುಕಟ್ಟೆಗೆ ಬಂದ ನೋಕಿಯಾ 7110 ಇದನ್ನು ಜನರ ಕೈಗಿತ್ತಿತು. ಅದರ ಪರದೆ ಅಡ್ಡಕ್ಕೆ 96, ಉದ್ದಕ್ಕೆ 65 ಚುಕ್ಕಿಗಳಷ್ಟೆ. ಕಂಪ್ಯೂಟರಿನ ಪುಟ ಅದರಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಫೋನಿಗೆಂದೇ ಬೇರೆ ಭಾಷೆಯಲ್ಲಿ ಪುಟ ಬರೆಯಬೇಕಿತ್ತು. ಇಸ್ಪೀಟು ಎಲೆಗಳಂತೆ ಒಂದೊಂದೇ 'ಕಾರ್ಡ್' ಎದುರಿಗೆ ಬರುವ ಏರ್ಪಾಡು ಅದು. ನಡುವೆ ದೂರವಾಣಿ ಕಂಪನಿಯ 'ಗೇಟ್‌ವೇ' ಎಂಬ ಯಂತ್ರ ಕುಳಿತು, ಬಂದ ಪುಟವನ್ನು ಕುಗ್ಗಿಸಿ ಫೋನಿಗೆ ಕಳಿಸುತ್ತಿತ್ತು.

ತೊಂದರೆ ಇದ್ದದ್ದು ದಾರಿಯಲ್ಲಿ. ಆರಂಭದಲ್ಲಿ ಇಂಟರ್‌ನೆಟ್ಟಿಗೂ ಮಾಮೂಲಿ ಕರೆಯಂತೆ ಡಯಲ್ ಮಾಡಬೇಕಿತ್ತು. ವೇಗ ಸೆಕೆಂಡಿಗೆ 9.6 ಕಿಲೋಬಿಟ್, ಬಿಲ್ಲು ಮಾತ್ರ ನಿಮಿಷದ ಲೆಕ್ಕದಲ್ಲಿ. ಓದಿದರೂ ದುಡ್ಡು, ಪುಟ ಬರಲೆಂದು ಕಾದು ಕುಳಿತರೂ ದುಡ್ಡು. 'ವ್ಯಾಪ್' ಎಂದರೆ 'ವೇಟ್ ಅಂಡ್ ಪೇ', ಕಾಯಿರಿ ಮತ್ತು ಕಾಸು ಕೊಡಿ, ಎಂದು ಜನ ನಕ್ಕದ್ದು ಸುಮ್ಮನೆ ಅಲ್ಲ.

ಅದೇ 1999ರ ಫೆಬ್ರುವರಿಯಲ್ಲಿ ಜಪಾನಿನ ಎನ್‌ಟಿಟಿ ಡೊಕೊಮೊ ಶುರು ಮಾಡಿದ 'ಐ-ಮೋಡ್' ಮಾತ್ರ ಗೆದ್ದಿತು. ಅಲ್ಲಿ ಶುಲ್ಕ ಸಮಯಕ್ಕಲ್ಲ, ತರಿಸಿಕೊಂಡ ಮಾಹಿತಿಯ ಗಾತ್ರಕ್ಕೆ. ಪುಟಗಳ ಭಾಷೆಯೂ ಇಂಟರ್‌ನೆಟ್ಟಿನ ಮೂಲ ಭಾಷೆಗೆ ಹತ್ತಿರದ್ದು. ಎರಡು ವರ್ಷ ತುಂಬುವ ಮೊದಲೇ ಒಂದು ಕೋಟಿ ಚಂದಾದಾರರು ಸೇರಿದ್ದರು. ಗಾತ್ರದ ಲೆಕ್ಕದ ಈ ಪದ್ಧತಿಯೇ 'ಜಿಪಿಆರ್‌ಎಸ್' ರೂಪದಲ್ಲಿ ಭಾರತಕ್ಕೂ ಬಂತು.

ಆ ಕಾಲದಲ್ಲಿ ಫೋನ್ ಕೊಂಡವರಿಗೆ 'ಸೆಟಿಂಗ್ಸ್' ಎಂಬ ಶಬ್ದ ನೆನಪಿರಬೇಕು. ಕಂಪನಿಗೆ ಫೋನ್ ಮಾಡಿ ನಮ್ಮ ಮಾಡೆಲ್ ಸಂಖ್ಯೆ ಹೇಳಬೇಕು. ಸ್ವಲ್ಪ ಹೊತ್ತಿಗೆ ವಿಚಿತ್ರವಾದ ಒಂದು ಎಸ್‌ಎಂಎಸ್ ಬರುತ್ತದೆ. ಅದನ್ನು 'ಸೇವ್' ಮಾಡಿ, ಫೋನ್ ಆರಿಸಿ ಹಚ್ಚಬೇಕು. ಬಾರದಿದ್ದರೆ ಒಂದೊಂದನ್ನೂ ಕೈಯಾರೆ ತುಂಬಬೇಕು. ಅವುಗಳಲ್ಲಿ ಮುಖ್ಯವಾದದ್ದು 'ಎಪಿಎನ್', ಎಂದರೆ ದೂರವಾಣಿ ಜಾಲದಿಂದ ಇಂಟರ್‌ನೆಟ್ಟಿಗೆ ಹೋಗುವ ಬಾಗಿಲಿನ ಹೆಸರು. ಬಿಎಸ್‌ಎನ್‌ಎಲ್‌ನವರಿಗೆ 'ಬಿಎಸ್‌ಎನ್‌ಎಲ್‌ನೆಟ್', ಏರ್‌ಟೆಲ್‌ನವರಿಗೆ 'ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್'. ಒಂದು ಚುಕ್ಕಿ ತಪ್ಪಿದರೂ ಬಾಗಿಲು ತೆರೆಯದು. ರೀಚಾರ್ಜ್ ಅಂಗಡಿಯ ಹುಡುಗರಿಗೆ ಇವೆಲ್ಲ ಬಾಯಿಪಾಠವಾಗಿದ್ದವು.

ಕನ್ನಡಿಗರಿಗೆ ಇನ್ನೊಂದು ತೊಡಕಿತ್ತು. ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರೂ, ಬಹಳಷ್ಟು ಫೋನುಗಳಲ್ಲಿ ಕನ್ನಡದ ಅಕ್ಷರಗಳೇ ಇರಲಿಲ್ಲ. ಅಕ್ಷರ ಇದ್ದರೆ ಸಾಲದು. ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸುವ ತಂತ್ರಾಂಶವೂ ಬೇಕು. ಇಲ್ಲದ ಕಡೆ ಕಾಣುತ್ತಿದ್ದುದು ಸಾಲುಸಾಲು ಖಾಲಿ ಡಬ್ಬಿಗಳು.

ನೆರವಿಗೆ ಬಂದದ್ದು ನಾರ್ವೆಯ 'ಒಪೆರಾ ಮಿನಿ'. 2005ರಲ್ಲಿ ತನ್ನ ದೇಶದಲ್ಲಿ ಪ್ರಯೋಗಕ್ಕಿಳಿದು 2006ರ ಜನವರಿಯಲ್ಲಿ ಜಗತ್ತಿಗೆ ತೆರೆದುಕೊಂಡ ಈ ಬ್ರೌಸರ್ ಪುಟವನ್ನು ತಾನೇ ತೆರೆಯುತ್ತಿರಲಿಲ್ಲ. ಕಂಪನಿಯ ಸರ್ವರ್ ಪುಟವನ್ನು ತರಿಸಿ, ಹಿಂಡಿ, ಹಗುರ ಮಾಡಿ ಕಳಿಸುತ್ತಿತ್ತು. ಅದರ ವಿಳಾಸಪಟ್ಟಿಯಲ್ಲಿ 'ಒಪೆರಾ ಕಾನ್ಫಿಗ್' ಎಂದು ಬರೆದರೆ ಒಂದು ಗುಪ್ತ ಪಟ್ಟಿ ತೆರೆಯುತ್ತಿತ್ತು. ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಅಕ್ಷರ ಬಳಸುವ ಆಯ್ಕೆಗೆ 'ಎಸ್' ಒತ್ತಿದರೆ ಸಾಕು, ಸರ್ವರ್ ಕನ್ನಡದ ಅಕ್ಷರಗಳನ್ನು ಚಿತ್ರವಾಗಿಸಿ ಕಳಿಸುತ್ತಿತ್ತು. ಡೇಟಾ ಹೆಚ್ಚು ಖರ್ಚಾಗುತ್ತಿತ್ತು, ನಿಜ. ಆದರೆ ಡಬ್ಬಿಗಳಿದ್ದಲ್ಲಿ ಕನ್ನಡ ಮೂಡುತ್ತಿತ್ತು. ಬಾಯಿಂದ ಬಾಯಿಗೆ ಹಬ್ಬಿದ ಈ ಉಪಾಯದಿಂದಲೇ ನಮ್ಮ ಅಪ್ಪ ಮೊದಲ ಬಾರಿಗೆ ಫೋನಿನಲ್ಲಿ ಕನ್ನಡ ಸುದ್ದಿ ಓದಿದ್ದು. ಕನ್ನಡ ತಂತ್ರಾಂಶದ ಚರಿತ್ರೆ ಬರೆಯುವವರು ಈ ಒಂದು ಗುಂಡಿಯನ್ನು ಮರೆಯಬಾರದು ಎಂದು ನನಗನಿಸುತ್ತದೆ.

ಹಾಗಿದ್ದರೆ ಈಗ ಬಾಗಿಲು ಮುಚ್ಚಿದವರು ಯಾರು? ಜಾಲ ಮಾತ್ರ ಅಲ್ಲ. ವಿಚಿತ್ರವೆಂದರೆ 2019-20ರಲ್ಲಿ ಏರ್‌ಟೆಲ್ ತನ್ನ 3ಜಿಯನ್ನು ನಿಲ್ಲಿಸಿತು, ಅದಕ್ಕೂ ಹಳೆಯದಾದ 2ಜಿಯನ್ನು ಉಳಿಸಿಕೊಂಡಿತು. ನಿಜವಾಗಿ ಬದಲಾದದ್ದು ಬೀಗ. ನಮ್ಮ ಗುಟ್ಟು ಕಳ್ಳರ ಪಾಲಾಗದಿರಲೆಂದು ಇಂದಿನ ಬಹುತೇಕ ತಾಣಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುತ್ತವೆ. ಅದರ ಹಳೆಯ ವಿಧಾನಗಳು ದುರ್ಬಲವೆಂದು ತಿಳಿದ ಮೇಲೆ, ಅವನ್ನು ಕೈಬಿಡುವುದಾಗಿ ಪ್ರಮುಖ ಬ್ರೌಸರ್ ಕಂಪನಿಗಳು 2018ರ ಅಕ್ಟೋಬರ್‌ನಲ್ಲಿ ಘೋಷಿಸಿದವು. ಹಳೆಯ ಫೋನಿಗೆ ಹೊಸ ಬೀಗ ತೆರೆಯಲು ಬಾರದು. ಇದರ ಮೇಲೆ ಪ್ರಮಾಣಪತ್ರಗಳ ಕಾಟ. ಯಾವ ತಾಣವನ್ನು ನಂಬಬಹುದು ಎಂದು ನಿರ್ಧರಿಸುವ ಪಟ್ಟಿ ಫೋನಿನೊಳಗೇ ಇರುತ್ತದೆ, ಅದರಲ್ಲಿನ ಪತ್ರಗಳಿಗೆ ಅವಧಿಯೂ ಇರುತ್ತದೆ. ಅಸಂಖ್ಯ ತಾಣಗಳು ನೆಚ್ಚಿಕೊಂಡಿದ್ದ ಅಂಥದೊಂದು ಮೂಲಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಪಟ್ಟಿ ನವೀಕರಿಸಿಕೊಳ್ಳಲಾಗದ ಎಷ್ಟೋ ಸಾಧನಗಳಿಗೆ ಅಂದಿನಿಂದ ಆ ತಾಣಗಳು ಅಪರಿಚಿತವಾದವು. ವಾಟ್ಸ್‌ಆ್ಯಪ್ ಸಹ ನೋಕಿಯಾದ ಎಸ್40 ಫೋನುಗಳಿಗೆ 2018ರ ಡಿಸೆಂಬರ್ 31ರ ನಂತರ ವಿದಾಯ ಹೇಳಿತು.

ಹವ್ಯಾಸಿಗಳು ಇದಕ್ಕೂ ಹಾದಿ ಹುಡುಕಿದ್ದಾರೆ. ಮನೆಯ ಕಂಪ್ಯೂಟರೊಂದು ಹೊಸ ಬೀಗ ತೆರೆದು ಪುಟ ತರಿಸಿ, ಸರಳ ಮಾಡಿ ಹಳೆಯ ಫೋನಿಗೆ ದಾಟಿಸುತ್ತದೆ. ಗೇಟ್‌ವೇ ಮತ್ತು ಒಪೆರಾ ಮಿನಿ ಮಾಡಿದ ಅದೇ ದಲ್ಲಾಳಿ ಕೆಲಸ. ದಲ್ಲಾಳಿ ಎಲ್ಲವನ್ನೂ ಬಿಚ್ಚಿ ನೋಡಬಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಬ್ಯಾಂಕ್ ವ್ಯವಹಾರಕ್ಕೆ ಇದು ಸಲ್ಲದು.

ಅಷ್ಟೆಲ್ಲ ಮಾಡುವ ಮೊದಲು ಫೋನಿನ ದಿನಾಂಕ ನೋಡಿದೆ. ಬ್ಯಾಟರಿ ಸತ್ತು ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ತಾರೀಖು ತಪ್ಪಿದ್ದರೂ ಪ್ರಮಾಣಪತ್ರ ಒಪ್ಪಿಗೆಯಾಗದು. ಸರಿಪಡಿಸಿದೆ; ಆದರೂ ಸುದ್ದಿತಾಣಗಳು ತೆರೆಯಲಿಲ್ಲ. ಕೊನೆಗೆ ಬೀಗವೇ ಇಲ್ಲದ ಹಳೆಯ ಪುಟವೊಂದು ತೆರೆದುಕೊಂಡಿತು. ಕನ್ನಡದ ಜಾಗದಲ್ಲಿ ಬರೀ ಡಬ್ಬಿಗಳು. ಅಪ್ಪ ಕನ್ನಡಕ ಏರಿಸಿ ನೋಡಿ, "ನೀನು ಆ ಸೆಟಿಂಗ್ ಹಾಕಿಲ್ಲ" ಎಂದರು. ಅದು ಬೇರೆ ಬ್ರೌಸರಿನದು ಎಂದು ನಾನು ಹೇಳಲು ಹೋಗಲಿಲ್ಲ.