ಸಿಗಡಿಯ ಕರುಳು, ಹೊಂಡದ ಕೆಸರು



ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಠೇವಣಿ, ಡಿವಿಡೆಂಡಿನ ವಿಚಾರ ಬೇರೆಯವರು ಬರೆಯುತ್ತಾರೆ. ನಾವು ಸಿಗಡಿ ಹೊಂಡದ ಕಣ್ಣಿಗೆ ಕಾಣದ ಜೀವಿಗಳ ಚರಿತ್ರೆ ನಾಲ್ಕು ಮಾತಲ್ಲಿ ಹೇಳುತ್ತೇವೆ. ಯಾಕೆಂದರೆ ಹೊಂಡ ಹೋದರೆ ಸಾಲದ ಕಂತೂ ಹೋಯಿತು.

ಅಘನಾಶಿನಿ ದಂಡೆಯ ಗಜನಿಗಳಲ್ಲಿ ಹಿರಿಯರು ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಿದ್ದರು. ಕೊಂಡ ಮರಿ ಇಲ್ಲ, ಕೊಂಡ ಆಹಾರ ಇಲ್ಲ. ಭತ್ತದ ಕೂಳೆ ಕೊಳೆತು, ಅದರ ಮೇಲೆ ಸೂಕ್ಷ್ಮಜೀವಿ ಬೆಳೆದು, ಸಿಗಡಿ ಅದನ್ನೇ ಮೇಯುತ್ತಿತ್ತು.

1990ರ ದಶಕದ ಆರಂಭದಲ್ಲಿ ಟೈಗರ್ ಸಿಗಡಿ ಬಂತು. ಮರಿ ಒತ್ತೊತ್ತಾಗಿ ಬಿಟ್ಟು, ಮೂಟೆಗಟ್ಟಲೆ ಆಹಾರ ಸುರಿಯುವ ಕಾಲ ಅದು. 1994-95ರಲ್ಲಿ ಭಾರತದ ಕರಾವಳಿಗೆ ಬಿಳಿಚುಕ್ಕೆ ರೋಗ ಬಡಿಯಿತು. ಇದು ವೈರಸ್. ತಗುಲಿದರೆ ಮೂರರಿಂದ ಹತ್ತು ದಿನದೊಳಗೆ ಹೊಂಡ ಖಾಲಿಯಾಗಬಹುದು. ದನಕ್ಕೆ ಹಾಕಿದಂತೆ ಲಸಿಕೆ ಹಾಕೋಣವೆಂದರೆ, ಪ್ರತಿಕಾಯ ತಯಾರಿಸುವ ಶಕ್ತಿಯೇ ಸಿಗಡಿಗೆ ಇಲ್ಲ. ಆಂಟಿಬಯೋಟಿಕ್ ವೈರಸ್ಸಿಗೆ ನಾಟುವುದಿಲ್ಲ. ಮೇಲಾಗಿ ಅದರ ಅಂಶ ಮಾಂಸದಲ್ಲಿ ಉಳಿದರೆ ಹೊರದೇಶದವರು ಮಾಲು ವಾಪಸು ಕಳಿಸುತ್ತಾರೆ.

ಹಾಗಾದರೆ ದಾರಿ ಏನು? ಅಡುಗೆಮನೆಯಲ್ಲಿ ಸಿಗಡಿ ಬಿಡಿಸುವಾಗ ಬೆನ್ನಿನಿಂದ ಎಳೆದು ತೆಗೆಯುವ ಕಪ್ಪು ದಾರವಿದೆಯಲ್ಲ, ಅದೇ ಅದರ ಕರುಳು. ಕರುಳಿನ ಜೀವಿಗಳು ಬಹುಪಾಲು ಹೊಂಡದ ನೀರು, ಕೆಸರು, ಆಹಾರದಿಂದಲೇ ಬರುತ್ತವೆ. ಅವುಗಳಲ್ಲಿ ವಿಬ್ರಿಯೋ ಎಂಬ ಜಾತಿಯೂ ಇದೆ. ಎಲ್ಲ ವಿಬ್ರಿಯೋ ಕೆಟ್ಟದ್ದಲ್ಲ. ತಿನ್ನದ ಆಹಾರ ಕೆಳಗೆ ಕೊಳೆತು ಕೆಸರು ಕಪ್ಪಾದಾಗ ಕೆಟ್ಟವು ಮೇಲುಗೈ ಪಡೆಯುತ್ತವೆ. ಇಂಡೋನೇಷ್ಯಾದ ಹೊಂಡಗಳಲ್ಲಿ ಬೆಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಬಿಟ್ಟು, ಬೆಳಕು ಬೀರುವ ವಿಬ್ರಿಯೋವನ್ನು ತಗ್ಗಿಸಿದ್ದನ್ನು ಮೊರಿಯಾರ್ಟಿ ಎಂಬ ವಿಜ್ಞಾನಿ 1998ರಲ್ಲಿ ಪ್ರಕಟಿಸಿದರು. ಇಂದಿನ 'ಪ್ರೋಬಯಾಟಿಕ್' ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಇದೇ ಜಾತಿ.

2009ರಲ್ಲಿ ನಮ್ಮ ದೇಶಕ್ಕೆ ವನಾಮಿ ಸಿಗಡಿ ಸಾಕಲು ಅನುಮತಿ ಸಿಕ್ಕಿತು. ಅದೇ ಹೊತ್ತಿಗೆ ಚೀನಾದಲ್ಲಿ, ಬಳಿಕ ವಿಯೆಟ್ನಾಂ, ಥೈಲ್ಯಾಂಡಿನಲ್ಲಿ ಮರಿ ಬಿಟ್ಟ ತಿಂಗಳೊಳಗೇ ಸಿಗಡಿ ಸಾಯತೊಡಗಿತು. ಇದಕ್ಕೆ ವಿಷ ಉಗುಳುವ ಒಂದು ಬಗೆಯ ವಿಬ್ರಿಯೋವೇ ಕಾರಣವೆಂದು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಲೈಟ್‌ನರ್ ಅವರ ತಂಡ 2013ರಲ್ಲಿ ತೋರಿಸಿತು.

ಡಬ್ಬಿ ಸುರಿದರೆ ಎಲ್ಲ ಸರಿಹೋಗುತ್ತದೆಂದು ಯಾರೂ ತಿಳಿಯಬಾರದು. ಬಿಳಿಚುಕ್ಕೆಗೆ ಅದು ಮದ್ದಲ್ಲ. ಹಿಡಿದ ಮೇಲೆ ಹೊಂಡ ಬಿರುಕು ಬಿಡುವಷ್ಟು ಒಣಗಿಸಿ, ಕಪ್ಪು ಕೆಸರು ತೆಗೆದು, ಸುಣ್ಣ ಹಾಕಬೇಕು. ಪರೀಕ್ಷೆ ಮಾಡಿಸಿದ ಮರಿಯನ್ನೇ ಬಿಡಬೇಕು. ತಟ್ಟೆ ಇಳಿಸಿ ನೋಡಿ, ತಿಂದಷ್ಟೇ ಆಹಾರ ಕೊಡಬೇಕು.

ಇನ್ನೊಂದು ಮಾತು. ಹೊಳೆ ಒಂದೇ. ಒಬ್ಬನು ರೋಗದ ನೀರು ಹೊರಬಿಟ್ಟರೆ ಮುಂದಿನ ಉಬ್ಬರಕ್ಕೆ ಅದು ನೆರೆಯವನ ಹೊಂಡ ಸೇರುತ್ತದೆ. ಸಿಗಡಿ ಸತ್ತದ್ದು ಮುಚ್ಚಿಡದೆ, ತೂಬು ಬಿಗಿಮಾಡಿ, ಅಕ್ಕಪಕ್ಕದವರಿಗೆ ಅಂದೇ ತಿಳಿಸಿ. ಹಣದಲ್ಲಿ ನಮಗಿರುವ ಸಹಕಾರ ನೀರಿನಲ್ಲೂ ಇರಲಿ ಎಂಬುದೇ ನಮ್ಮ ಕೋರಿಕೆ.