ಜಹೀರಾಬಾದಿನ ಮಹಿಳಾ ಸಂಘಗಳು

ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿ, ನಮ್ಮ ಬೀದರಿನ ನೆರೆಯಲ್ಲೇ ಇರುವ ಜಹೀರಾಬಾದ್ ಸುತ್ತಿನ ಹಳ್ಳಿಗಳಲ್ಲಿ ದಲಿತ ಮಹಿಳೆಯರು ಕಟ್ಟಿ ಬೆಳೆಸಿದ ಸಂಘಗಳು. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇವಕ್ಕೆ ಬೆಂಬಲವಾಗಿ ನಿಂತಿತು. ಅದರ ಸ್ಥಾಪಕರಲ್ಲೊಬ್ಬರಾದ ಪಿ. ವಿ. ಸತೀಶ್ (1945–2023) ಮೈಸೂರು ಮೂಲದವರು. ಸುಮಾರು 75 ಹಳ್ಳಿಗಳ 5,000ದಷ್ಟು ಮಹಿಳೆಯರು ಸದಸ್ಯರಾದರು.

ಇವರಲ್ಲಿ ಹೆಚ್ಚಿನವರು ಕೂಲಿಯವರು. ಇದ್ದರೆ ಒಂದೆರಡು ಎಕರೆ ಸಾರವಿಲ್ಲದ ಕೆಂಪು ನೆಲ. ಈ ಸೀಮೆ ಆಗ ಸೇರಿದ್ದ ಆಂಧ್ರಪ್ರದೇಶದಲ್ಲಿ 1983ರಲ್ಲಿ ಬಂದ ಕಿಲೋಗೆ 2 ರೂಪಾಯಿಯ ಅಕ್ಕಿ ಹೊಟ್ಟೆಗೆ ಆಸರೆಯಾಯಿತು, ನಿಜ. ಆದರೆ ಜೋಳ, ಸಜ್ಜೆ, ನವಣೆ ಬೆಳೆಯುವ ಹುರುಪು ಕುಗ್ಗಿ ಹೊಲಗಳು ಬೀಳು ಬಿದ್ದವು.

ಇದಕ್ಕೆ ಸಂಘಗಳು 1990ರ ದಶಕದಲ್ಲಿ ಕಂಡುಕೊಂಡ ದಾರಿ ಅವುಗಳ ಇಡೀ ಚರಿತ್ರೆಯಲ್ಲೇ ಮುಖ್ಯವಾದದ್ದು. ಬೀಳು ಹೊಲ ಹಸನು ಮಾಡಲು ರೈತರಿಗೆ ಸಾಲ ಕೊಟ್ಟರು. ಮರುಪಾವತಿ ಹಣದಲ್ಲಲ್ಲ, ಕೆಲವು ವರ್ಷಗಳವರೆಗೆ ಜೋಳದಲ್ಲಿ. ಆ ಜೋಳ ಊರಲ್ಲೇ ಸಂಗ್ರಹವಾಗಿ, ಕೆಲಸವಿಲ್ಲದ ಮಳೆಗಾಲದ ತಿಂಗಳುಗಳಲ್ಲಿ ಬಡವರಿಗೆ ಕಡಿಮೆ ಬೆಲೆಗೆ ಸಿಗುತ್ತಿತ್ತು. ಯಾರ ಮನೆಯಲ್ಲಿ ಹಸಿವು ಹೆಚ್ಚು ಎಂಬುದನ್ನು ಊರವರೇ ಕೂತು ಗೊತ್ತುಮಾಡುತ್ತಿದ್ದರು. ಯಾವ ಹೊಲಕ್ಕೆ ಸಾಲ, ಯಾರಿಗೆ ಎಷ್ಟು ಕಾಳು ಎಂಬ ಲೆಕ್ಕ ಮಹಿಳಾ ಸಮಿತಿಯ ಕೈಯಲ್ಲಿತ್ತು. ನೆನ್ನೆಯವರೆಗೆ ಕೂಲಿಗೆ ಕರೆಯುತ್ತಿದ್ದವರ ಊರಿನಲ್ಲಿ ಈ ಅಧಿಕಾರ ಸಣ್ಣದಲ್ಲ.

ಬೀಜದ ಮೇಲಿನ ಹಿಡಿತವೂ ಅಷ್ಟೇ ಗಟ್ಟಿ. ಬೂದಿ, ಬೇವಿನೆಲೆ ಬೆರೆಸಿ ಮಣ್ಣು ಮೆತ್ತಿದ ಬುಟ್ಟಿಗಳಲ್ಲಿ ಕಾಪಿಟ್ಟ ಬೀಜವನ್ನು ಮಾರುವುದಿಲ್ಲ. ಒಯ್ದವರು ಸುಗ್ಗಿಯಾದ ಮೇಲೆ ಇನ್ನಷ್ಟು ಸೇರಿಸಿ ಮರಳಿಸುತ್ತಾರೆ.

ಸಂಘಗಳ ರೇಡಿಯೋ ಹತ್ತು ವರ್ಷ ಕಾಯಬೇಕಾಯಿತು. ಮಾಚನೂರಿನಲ್ಲಿ ನಿಲಯ ಸಿದ್ಧವಿದ್ದರೂ ಪರವಾನಗಿ ಇರಲಿಲ್ಲ. ಹಾಡು, ಮಾತುಕತೆಗಳನ್ನು ಕ್ಯಾಸೆಟ್ಟಿಗೆ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಕೊನೆಗೆ 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೋ’ 90.4 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಆರಂಭಿಸಿತು. ಅದನ್ನು ನಡೆಸಿದವರು ಅಲ್ಲಿನ ದಲಿತ ಮಹಿಳೆಯರಾದ ಜನರಲ್ ನರಸಮ್ಮ, ಅಲ್ಗೋಲು ನರಸಮ್ಮ. ಭಾಷೆ ಅವರ ಮನೆಯ ತೆಲುಗು.

2019ರಲ್ಲಿ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು. ಪ್ರತಿವರ್ಷ ಸಂಕ್ರಾಂತಿಗೆ ಹೊರಡುವ ಬೀಜಜಾತ್ರೆಯ ಸಿಂಗರಿಸಿದ ಎತ್ತಿನ ಬಂಡಿಗಳು ನಾಟಿ ತಳಿಗಳನ್ನು ಹೊತ್ತು ಸುಮಾರು ಒಂದು ತಿಂಗಳು ಊರೂರು ಸುತ್ತುತ್ತವೆ.